ಹೆಚ್ಚು ಪಡೆದವರಿಗೆ ಹೆಚ್ಚಿನ ಪಾಠ



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಒಂದು ಕುಟುಂಬ ಗುರುಮನೆಯ ಜಗಲಿಯಲ್ಲಿ ನನಗಾಗಿ ಕಾದಿತ್ತು. ಮಗಳು ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ತಂದೆಯ ಕೈಯಲ್ಲಿ ಕಾಲೇಜಿನ ಪ್ರಾಸ್ಪೆಕ್ಟಸ್ ಇತ್ತು. "ಫಾದರ್, ಇದರಲ್ಲಿ ಆನರ್ಸ್ ಅಂತ ಬರೆದಿದ್ದಾರೆ. ಎಲ್ಲರಿಗಿಂತ ಹೆಚ್ಚು ಓದಬೇಕಂತೆ, ಕೊನೆಯಲ್ಲಿ ದೊಡ್ಡ ಪ್ರಬಂಧ ಬರೆಯಬೇಕಂತೆ. ಸೇರಿಸೋಣವೇ?" ಎಂದು ಕೇಳಿದರು. ಅವರ ಮಾತು ಮುಗಿಯುವುದರೊಳಗೆ ತಾಯಿ, "ಎಲ್ಲರ ಹಾಗೆ ಓದಿದರೆ ಸಾಲದೇ ಫಾದರ್? ಹೆಚ್ಚು ಓದಿ ತಲೆ ತಿರುಗಿದರೆ ನಾಳೆ ಹೆತ್ತವರನ್ನೇ ಮರೆತಾಳು" ಎಂದರು. ಮಗಳು ಒಂದು ಮಾತನ್ನೂ ಆಡಲಿಲ್ಲ. ತಲೆ ತಗ್ಗಿಸಿ ನಿಂತಿದ್ದಳು.

ತಂದೆಯ ಆಸೆಯೂ ಸರಿ, ತಾಯಿಯ ಅಂಜಿಕೆಯೂ ಸುಳ್ಳಲ್ಲ. ಜಾಣ ಮಕ್ಕಳಿಗೆ ಹೆಚ್ಚಿನ ಪಾಠ ಬೇಕೇ? ಅದು ಅವರನ್ನು ದೇವರಿಂದ, ಮನೆಯಿಂದ ದೂರ ಒಯ್ಯುತ್ತದೆಯೇ? ನಮ್ಮ ಧರ್ಮಸಭೆ ಈ ವಿಷಯದಲ್ಲಿ ಏನು ಹೇಳುತ್ತದೆ? ಈ ವಾರ ಇದನ್ನೇ ಸ್ವಲ್ಪ ವಿಚಾರ ಮಾಡೋಣ.

ಆನರ್ಸ್ ಎಂದರೇನು?

ಈ ಪದಕ್ಕೆ ಎರಡು ಅರ್ಥಗಳಿವೆ. ನಮ್ಮ ದೇಶದಲ್ಲಿ ಆನರ್ಸ್ ಎಂಬುದು ಪದವಿಯ ಒಂದು ಬಗೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ನಾಲ್ಕು ವರ್ಷ ಓದಿದವರಿಗೆ ಆನರ್ಸ್ ಪದವಿ ಸಿಗುತ್ತದೆ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಅಥವಾ ಹೆಚ್ಚು ಅಂಕ ಪಡೆದವರು ನಾಲ್ಕನೇ ವರ್ಷದಲ್ಲಿ ಸಂಶೋಧನೆಯನ್ನೂ ಕೈಗೊಳ್ಳಬಹುದು. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಕ್ರಮ ಜಾರಿಗೆ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಆದುದರಿಂದ ಸೇರುವ ಮುನ್ನ ಆಯಾ ಸಂಸ್ಥೆಯಲ್ಲೇ ವಿಚಾರಿಸಿ ತಿಳಿಯುವುದು ಒಳ್ಳೆಯದು.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದರ ಅರ್ಥ ಬೇರೆ. ಅಲ್ಲಿ ಆನರ್ಸ್ ಕಾರ್ಯಕ್ರಮವೆಂದರೆ ದೊಡ್ಡ ವಿಶ್ವವಿದ್ಯಾಲಯದೊಳಗಿನ ಒಂದು ಚಿಕ್ಕ ಗುಂಪು. ಕಲಿಯುವ ಹಂಬಲ ಇರುವ ಕೆಲವರನ್ನು ಆರಿಸುತ್ತಾರೆ. ಅವರಿಗೆ ಚಿಕ್ಕ ತರಗತಿ, ಕಠಿಣ ಪುಸ್ತಕಗಳು, ಉಪನ್ಯಾಸಕ್ಕಿಂತ ಚರ್ಚೆಯೇ ಹೆಚ್ಚು. ಕೊನೆಯ ವರ್ಷ ಒಬ್ಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಸ್ವಂತ ಪ್ರಬಂಧ. ಅಲ್ಲಿನ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿಯೂ ಇಂಥವು ಅನೇಕವಿವೆ.

ಹಳೆಯ ಬೇರು

ಇದು ಇಂದು ನಿನ್ನೆಯ ಆಲೋಚನೆಯಲ್ಲ. ಯೇಸುಸಭೆಯ ಗುರುಗಳು 1599ರಲ್ಲಿ ತಮ್ಮ ಶಾಲಾ ಕಾಲೇಜುಗಳಿಗಾಗಿ 'ರಾತ್ಸಿಯೊ ಸ್ತುದಿಯೋರುಮ್' ಎಂಬ ಶಿಕ್ಷಣ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ 'ಅಕಾಡೆಮಿ'ಗಳಿಗೆಂದೇ ಪ್ರತ್ಯೇಕ ನಿಯಮಗಳಿವೆ. ಓದಿನಲ್ಲಿ ಆಸಕ್ತಿಯುಳ್ಳವರನ್ನು ಎಲ್ಲ ವಿದ್ಯಾರ್ಥಿಗಳ ನಡುವಿನಿಂದ ಆರಿಸಿ, ಒಬ್ಬ ಗುರುವಿನ ನೇತೃತ್ವದಲ್ಲಿ ಹೆಚ್ಚಿನ ಅಭ್ಯಾಸ ಮಾಡಿಸುವ ಕೂಟ ಅದು. ಆದರೆ ಬುದ್ಧಿವಂತಿಕೆಯೊಂದೇ ಅದಕ್ಕೆ ಸಾಲದು. ಸದಸ್ಯರು ಮಾತೆ ಮರಿಯಮ್ಮನವರ ಸೊಡಾಲಿಟಿಗೆ ಸೇರಿದವರಾಗಿರಬೇಕು. ನಡತೆಯಲ್ಲಿಯೂ ಭಕ್ತಿಯಲ್ಲಿಯೂ ಇತರರಿಗೆ ಮಾದರಿಯಾಗಿರಬೇಕು ಎಂಬುದು ಅಲ್ಲಿನ ಅಪೇಕ್ಷೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಸೊಡಾಲಿಟಿಯ ನೀಲಿ ಪಟ್ಟಿ ಧರಿಸಿದವರು. ಆ ಸೊಡಾಲಿಟಿಗೂ ಜಾಣರ ಹೆಚ್ಚಿನ ಪಾಠಕ್ಕೂ ಹೀಗೊಂದು ನಂಟಿತ್ತು.

ಆಧುನಿಕ ಕಾಲದಲ್ಲಿ 1920ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಅರ್ಸ್ಕಿನ್ ಎಂಬ ಪ್ರಾಧ್ಯಾಪಕರು 'ಜನರಲ್ ಆನರ್ಸ್' ಎಂಬ ತರಗತಿ ಆರಂಭಿಸಿದರು. ವಾರಕ್ಕೊಂದು ಮಹಾಗ್ರಂಥ ಓದುವುದು, ಒಟ್ಟಿಗೆ ಕುಳಿತು ಚರ್ಚಿಸುವುದು. ಅದಾದ ಎರಡು ವರ್ಷಕ್ಕೆ, ಕ್ವೇಕರ್ ಕ್ರೈಸ್ತರು 1864ರಲ್ಲಿ ಸ್ಥಾಪಿಸಿದ್ದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಅಧ್ಯಕ್ಷ ಫ್ರ್ಯಾಂಕ್ ಏಡೆಲಾಟ್ ಅವರು ಆನರ್ಸ್ ಕಾರ್ಯಕ್ರಮ ತೆರೆದರು. ಅವರು ಆಕ್ಸ್‌ಫರ್ಡಿನಲ್ಲಿ ಓದಿದ್ದವರು. ಎಲ್ಲರೂ ಸಿಪಾಯಿಗಳಂತೆ ಒಂದೇ ಹೆಜ್ಜೆ ಹಾಕಬೇಕೆಂಬ ಪದ್ಧತಿಯಲ್ಲಿ ವೇಗವಾಗಿ ನಡೆಯಬಲ್ಲವರು ಸೋಮಾರಿಗಳಾಗುತ್ತಾರೆ ಎಂಬುದು ಅವರ ಚಿಂತೆಯಾಗಿತ್ತು. ಅಲ್ಲಿ ಪಾಠ ಹೇಳಿದವರೇ ಪರೀಕ್ಷೆ ಮಾಡುವುದಿಲ್ಲ; ಹೊರಗಿನ ವಿದ್ವಾಂಸರು ಬಂದು ಪರೀಕ್ಷಿಸುತ್ತಾರೆ. ಹೀಗಾಗಿ ಗುರುವೂ ಶಿಷ್ಯನೂ ಒಂದೇ ಕಡೆ ನಿಂತು ದುಡಿಯುತ್ತಾರೆ.

ನಾಟರ್ ಡೇಮ್‌ನ ಮೇಜು

ಈ ಬಳ್ಳಿ ಕಥೋಲಿಕ ಅಂಗಳಕ್ಕೂ ಹಬ್ಬಿತು. ಅಮೆರಿಕದ ಇಂಡಿಯಾನಾ ರಾಜ್ಯದ ನಾಟರ್ ಡೇಮ್ ವಿಶ್ವವಿದ್ಯಾಲಯವನ್ನು 1842ರಲ್ಲಿ ಹೋಲಿ ಕ್ರಾಸ್ ಸಭೆಯ ಫಾದರ್ ಎಡ್ವರ್ಡ್ ಸೊರಿನ್ ಸ್ಥಾಪಿಸಿದರು. ಆ ಸಭೆಯ ಸ್ಥಾಪಕರಾದ ಧನ್ಯ ಬಾಸಿಲ್ ಮೊರೊ ಅವರಿಗೆ ಬುದ್ಧಿಯನ್ನು ಬೆಳೆಸಲು ಹೋಗಿ ಹೃದಯವನ್ನು ಬರಡು ಮಾಡಬಾರದೆಂಬ ಹಠವಿತ್ತು. ಅಲ್ಲಿ 1950ರಲ್ಲಿ ಒಟ್ಟೊ ಬರ್ಡ್ ಅವರ ನೇತೃತ್ವದಲ್ಲಿ ಒಂದು ವಿಶೇಷ ಕಾರ್ಯಕ್ರಮ ಆರಂಭವಾಯಿತು. ಆನರ್ಸ್ ಎಂಬ ಹೆಸರು ಅದಕ್ಕಿಲ್ಲ, ಆದರೆ ವಂಶ ಅದೇ. ಅರ್ಸ್ಕಿನ್ ಅವರ ತರಗತಿಯಲ್ಲಿ ಕಲಿತ ಮಾರ್ಟಿಮರ್ ಆಡ್ಲರ್ ಅವರ ಪ್ರಭಾವ ಅದರ ಮೇಲಿತ್ತು. ಆಡ್ಲರ್ ಯೆಹೂದ್ಯ ಮನೆತನದವರು. ಸಂತ ತೋಮಾಸ್ ಅಕ್ವಿನಾಸರನ್ನು ಹಲವು ದಶಕಗಳ ಕಾಲ ಓದಿ ಓದಿಸಿದ ಮೇಲೆ, 1999ರಲ್ಲಿ, ತಮ್ಮ ತೊಂಬತ್ತೇಳನೆಯ ವರ್ಷದ ಹೊತ್ತಿಗೆ, ಕಥೋಲಿಕ ಧರ್ಮಸಭೆಯನ್ನು ಸೇರಿದರು. ದೇವರ ಕೃಪೆಗೆ ಅವಸರವಿಲ್ಲ, ನೋಡಿ!

ಈ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಮೂರು ವರ್ಷ ಜತೆಯಾಗಿ ಓದುತ್ತಾರೆ. ಹೋಮರ್, ಪ್ಲೇಟೊ, ಸಂತ ಆಗಸ್ಟೀನರು, ಸಂತ ತೋಮಾಸರು, ದಾಂತೆ, ಷೇಕ್ಸ್‌ಪಿಯರ್ ಇವರೆಲ್ಲರ ಗ್ರಂಥಗಳನ್ನು ಓದಿ ಬಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅಧ್ಯಾಪಕರು ಒಂದು ಪ್ರಶ್ನೆ ಇಡುತ್ತಾರೆ. ಉತ್ತರ ಹೇಳಿದವನಿಗೆ ಇನ್ನೊಬ್ಬ, "ಅದು ಪುಸ್ತಕದಲ್ಲಿ ಎಲ್ಲಿದೆ?" ಎಂದು ಕೇಳಬಹುದು. ತೋರಿಸಲಾಗದಿದ್ದರೆ ಮಾತು ಹಿಂದೆಗೆದುಕೊಳ್ಳಬೇಕು. ಸೆಮಿನರಿಯಲ್ಲಿ ತತ್ವಶಾಸ್ತ್ರ ಕಲಿತ ನಮಗೆ ಈ ಕ್ರಮ ಹೊಸದಲ್ಲ. ಸಂತ ತೋಮಾಸರು ತಮ್ಮ ಅಭಿಪ್ರಾಯ ಹೇಳುವ ಮೊದಲು ಎದುರಾಳಿಯ ವಾದವನ್ನು ಪ್ರಾಮಾಣಿಕವಾಗಿ ಮುಂದಿಡುತ್ತಾರೆ. ಇನ್ನೊಬ್ಬನ ಮಾತನ್ನು ಪೂರ್ತಿ ಕೇಳುವುದೇ ವಿದ್ಯೆಯ ಮೊದಲ ವಿನಯ. ನಮ್ಮ ಎಷ್ಟು ಮನೆಗಳಲ್ಲಿ, ಎಷ್ಟು ಪಾಲನಾ ಸಮಿತಿಗಳಲ್ಲಿ ಈ ವಿನಯ ಬೇಕಾಗಿದೆ!

ಅಲ್ಪಮನಸ್ಸೂ ಪಾಪವೇ

ಈಗ ಶುಭಸಂದೇಶಕ್ಕೆ ಬರೋಣ. ಸಂತ ಮತ್ತಾಯರ 25ನೇ ಅಧ್ಯಾಯದ ಸಾಮತಿ ಎಲ್ಲರಿಗೂ ಗೊತ್ತು. ಯಜಮಾನ ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲೆಂತು ಕೊಟ್ಟ. 'ಪಾಪ, ಮೂರನೆಯವನಿಗೆ ಸಿಕ್ಕಿದ್ದು ಒಂದೇ' ಎಂದು ಮರುಗುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ತಲೆಂತು ಸುಮಾರು 6,000 ದಿನಾರಿಗಳಿಗೆ ಸಮ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಹೆಚ್ಚುಕಡಿಮೆ 20 ವರ್ಷಗಳ ದುಡಿಮೆ! ಮೂರನೆಯವನು ಬಡವನಾಗಿರಲಿಲ್ಲ, ಅಂಜುಬುರುಕನಾಗಿದ್ದ.

ಸಂತ ತೋಮಾಸರು ತಮ್ಮ 'ಸುಮ್ಮಾ'ದಲ್ಲಿ ಇದೇ ಸೇವಕನನ್ನು ಉದಾಹರಿಸಿ, ಅಲ್ಪಮನಸ್ಸು ಕೂಡ ಪಾಪವೆಂದು ತೋರಿಸುತ್ತಾರೆ. ತನ್ನ ಶಕ್ತಿಗೆ ಮೀರಿದ್ದಕ್ಕೆ ಕೈ ಹಾಕುವುದು ಒಂದು ತಪ್ಪಾದರೆ, ಶಕ್ತಿಯಿದ್ದೂ ಹಿಂಜರಿಯುವುದು ಇನ್ನೊಂದು ತಪ್ಪು. ಹಾಗಾದರೆ ದೀನತೆ ಎಲ್ಲಿ ಹೋಯಿತು? ಅದಕ್ಕೂ ಅವರಲ್ಲಿ ಉತ್ತರವಿದೆ. ದೇವರು ಕೊಟ್ಟ ವರಗಳನ್ನು ನೋಡಿ ಮನುಷ್ಯ ದೊಡ್ಡ ಕಾರ್ಯಕ್ಕೆ ಮುಂದಾಗುತ್ತಾನೆ. ತನ್ನ ಕೊರತೆಗಳನ್ನು ನೋಡಿ ತಲೆಬಾಗುತ್ತಾನೆ. ಎರಡೂ ಒಬ್ಬನಲ್ಲೇ ಇರಬಹುದು, ಇರಬೇಕು.

ತಾಯಿಯ ಅಂಜಿಕೆ

ಆದರೂ ಆ ತಾಯಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಜ್ಞಾನ ಮನುಷ್ಯನನ್ನು ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎಂದು ಸಂತ ಪೌಲರು ಕೊರಿಂಥದವರನ್ನು ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಆರಿಸಿ ತೆಗೆದ ಗುಂಪಿಗೆ ಸೇರಿದವನಿಗೆ 'ನಾನು ಬೇರೆ, ಉಳಿದವರು ಬೇರೆ' ಎನಿಸುವುದು ಸುಲಭ.

ಇದಕ್ಕೆ ಮದ್ದು ಏನು? ನಾಟರ್ ಡೇಮ್‌ನ ಅದೇ ಕಾರ್ಯಕ್ರಮದ ಅಧ್ಯಾಪಕರು 1998ರಲ್ಲಿ ಒಂದು ಕೆಲಸ ಮಾಡಿದರು. ಪಕ್ಕದ ಸೌತ್ ಬೆಂಡ್ ನಗರದ ನಿರ್ವಸಿತರ ಆಶ್ರಯ ಕೇಂದ್ರಕ್ಕೆ ಹೋಗಿ, ಮನೆಯಿಲ್ಲದವರ ಜತೆ ಕುಳಿತು ಮಹಾಗ್ರಂಥಗಳನ್ನು ಓದತೊಡಗಿದರು. ಆರಿಸಿದ ಜಾಣರಿಗೆಂದು ಹಾಕಿದ್ದ ಮೇಜು ಬೀದಿಯಲ್ಲಿ ಮಲಗುತ್ತಿದ್ದವರಿಗೂ ತೆರೆಯಿತು. ಸಾಕ್ರಟೀಸನ ಸೆರೆ, ಮನೆಗೆ ಹಿಂದಿರುಗಲು ಹಂಬಲಿಸಿದ ಒಡಿಸ್ಯೂಸ್, ಇವು ಮನೆ ಕಳೆದುಕೊಂಡವನಿಗೆ ಅರ್ಥವಾಗುವಷ್ಟು ನಮಗೆ ಆಗುವುದುಂಟೇ? ಹೆಚ್ಚು ಪಡೆದವರಿಂದ ಹೆಚ್ಚು ಕೇಳಲಾಗುವುದೆಂದು ಪ್ರಭು ಯೇಸು ಹೇಳಿದ್ದಾರೆ. ಯೇಸುಸಭೆಯ ಮಹಾಪ್ರಭಾರಿಯಾಗಿದ್ದ ಫಾದರ್ ಪೆದ್ರೊ ಅರ್ರುಪೆ 1973ರಲ್ಲಿ ವಲೆನ್ಸಿಯಾದಲ್ಲಿ ತಮ್ಮ ಹಳೆಯ ವಿದ್ಯಾರ್ಥಿಗಳ ಮುಂದೆ ನಿಂತು ಹೇಳಿದ್ದೂ ಇದನ್ನೇ: ಪರರಿಗಾಗಿ ಬದುಕುವವರನ್ನು ರೂಪಿಸದಿದ್ದರೆ ನಮ್ಮ ಶಿಕ್ಷಣ ಸೋತಂತೆ.

ಆ ತಾಯಿಗೆ ನಾನು ಹನ್ನೆರಡು ವರ್ಷದ ಬಾಲಯೇಸುವನ್ನು ನೆನಪಿಸಿದೆ. ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆತ ಕೇಳುತ್ತಿದ್ದ, ಪ್ರಶ್ನಿಸುತ್ತಿದ್ದ. ಮರಿಯಮ್ಮನವರಿಗೂ ಕಳವಳವಾಗಿತ್ತು. ಆದರೆ ಮಗ ಅವರೊಂದಿಗೆ ನಜರೇತಿಗೆ ಹಿಂದಿರುಗಿ ವಿಧೇಯನಾಗಿ ಬಾಳಿದ. ನಿಜವಾದ ವಿದ್ಯೆಗೆ ಮನೆಯ ದಾರಿ ಮರೆಯುವುದಿಲ್ಲ.

ಇನ್ನೊಬ್ಬರ ತಲೆಂತನ್ನು ಹೂಳುವುದು

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಹೊಸದಾಗಿ ಗುರುವಾಗಿದ್ದಾಗ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿದ್ದೆ. ಕಾಫಿ ತೋಟದ ಕೂಲಿಯವರ ಮಗನೊಬ್ಬ ಪ್ರತಿದಿನ ಪೂಜೆಗೆ ನೆರವಾಗುತ್ತಿದ್ದ. ಧರ್ಮೋಪದೇಶ ತರಗತಿಯಲ್ಲಿ ಅವನು ಕೇಳುತ್ತಿದ್ದ ಪ್ರಶ್ನೆಗಳಿಗೆ ನಾನು ರಾತ್ರಿ ಪುಸ್ತಕ ತೆರೆದು ಉತ್ತರ ಹುಡುಕಬೇಕಾಗುತ್ತಿತ್ತು. ಹತ್ತನೇ ತರಗತಿ ಮುಗಿದಾಗ ಬಂದು, ಪಟ್ಟಣದ ಅಂಗಡಿಯಲ್ಲಿ ಕೆಲಸಕ್ಕೆ ಸೇರಲು ನಡತೆಯ ಪತ್ರ ಬೇಕೆಂದ. ಬರೆದು, ಮೊಹರು ಹಾಕಿ ಕೊಟ್ಟೆ. "ಮುಂದೆ ಓದುತ್ತೀಯಾ?" ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಆ ಪತ್ರದಲ್ಲಿ ಅವನು ತುಂಬ ಬುದ್ಧಿವಂತನೆಂದು ನಾನೇ ಬರೆದಿದ್ದೆ! ಹೂತಿಟ್ಟವನು ಅವನಲ್ಲ. ಸಲಿಕೆ ನನ್ನ ಕೈಯಲ್ಲಿತ್ತು.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಪ್ರತಿಭೆಯಿದ್ದೂ ಹಣವಿಲ್ಲದ ವಿದ್ಯಾರ್ಥಿಗಳಿಗೆ, ಅದರಲ್ಲೂ ಹೊಸದಾಗಿ ತಲೆಯೆತ್ತುತ್ತಿರುವ ರಾಷ್ಟ್ರಗಳವರಿಗೆ, ವಿಶ್ವವಿದ್ಯಾಲಯದ ಬಾಗಿಲು ಸುಲಭವಾಗಿ ತೆರೆಯಬೇಕೆಂದು ಕೇಳಿಕೊಂಡಿದೆ. ಅದು ನಮ್ಮನ್ನೇ ಕುರಿತ ಮಾತು. ಆರಿಸುವಾಗ ಅಂಕಪಟ್ಟಿಯನ್ನಷ್ಟೇ ನೋಡಿದರೆ ಟ್ಯೂಷನ್ನಿಗೆ ದುಡ್ಡಿರುವವರೇ ಮುಂದೆ ಬರುತ್ತಾರೆ. ಹಂಬಲವನ್ನು ನೋಡುವ ಕಣ್ಣು ಬೇಕು.

ನಾವು ಮಾಡಬಹುದಾದದ್ದು

1. ತಂದೆತಾಯಿಗಳೇ, ಫಲಿತಾಂಶ ಬಂದ ದಿನ "ಎಷ್ಟು ಅಂಕ?" ಎಂದು ಕೇಳಿದ ಮೇಲೆ "ಯಾವುದನ್ನು ಓದುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ?" ಎಂದೂ ಕೇಳಿ.

2. ಒಬ್ಬ ಮಗುವನ್ನು ಹೊಗಳುವಾಗ ಇನ್ನೊಬ್ಬನನ್ನು ಹಳಿಯಬೇಡಿ. ಎರಡು ತಲೆಂತಿನವನಿಗೂ ಐದು ತಲೆಂತಿನವನಿಗೂ ಯಜಮಾನನ ಮೆಚ್ಚುಗೆ ಒಂದೇ ಆಗಿತ್ತು.

3. ಹೆಚ್ಚು ಓದುವ ಮಗುವಿಗೆ ಹೆಚ್ಚಿನ ಸೇವೆಯನ್ನೂ ಕೊಡಿ. ವಾರಕ್ಕೊಂದು ಗಂಟೆ ನೆರೆಮನೆಯ ಮಗುವಿಗೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಲಿ.

4. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರೂ ಇತರ ಸಂಘಗಳವರೂ ನಮ್ಮ ಧರ್ಮಕೇಂದ್ರದಲ್ಲಿ ಓದು ನಿಲ್ಲಿಸಲಿರುವ ಮಕ್ಕಳು ಯಾರಿದ್ದಾರೆಂದು ಪ್ರತಿವರ್ಷ ಪರೀಕ್ಷೆಗೆ ಮುಂಚೆಯೇ ವಿಚಾರಿಸಲಿ. ಫಲಿತಾಂಶ ಬಂದ ಮೇಲೆ ತಡವಾಗಿರುತ್ತದೆ.

ಮನೆಯಲ್ಲಿ ಚರ್ಚಿಸಲು: ನಮ್ಮ ಮನೆಯಲ್ಲಿ ಅಂಜಿಕೆಯಿಂದ ಹೂತಿಟ್ಟ ವರ ಯಾವುದು? ಯಾರ ತಲೆಂತಿನ ಮೇಲಾದರೂ ನಾವು ಮಣ್ಣು ಹಾಕಿದ್ದೇವೆಯೇ?

ಅಂದ ಹಾಗೆ, ಆ ದಿನ ಕೊನೆಗೆ ನಾನು ಮಗಳನ್ನೇ ಕೇಳಿದೆ, "ನಿನಗೆ ಏನು ಇಷ್ಟ?" ಅವಳು ಮೊದಲ ಸಲ ತಲೆಯೆತ್ತಿ, "ಇತಿಹಾಸ ಓದಬೇಕು ಫಾದರ್. ಆದರೆ ಇದುವರೆಗೆ ಯಾರೂ ಕೇಳಿರಲಿಲ್ಲ" ಎಂದಳು. ತಾಯಿ ಮಗಳ ಮುಖವನ್ನು ನೋಡಿದರು. ತಂದೆ ಪ್ರಾಸ್ಪೆಕ್ಟಸನ್ನು ಮಡಚಿ ಅವಳ ಕೈಗೆ ಕೊಟ್ಟರು.

ಪ್ರಾರ್ಥನೆ: ಪ್ರಭುವೇ, ನೀವು ಕೊಟ್ಟದ್ದನ್ನು ನಮ್ಮದೆಂದು ಬೀಗದಂತೆ, ಅಲ್ಪವೆಂದು ಹೂಳದಂತೆ ನಮ್ಮನ್ನು ಕಾಪಾಡಿ. ನಮ್ಮ ಮಕ್ಕಳ ಬುದ್ಧಿಗೆ ಬೆಳಕನ್ನೂ ಹೃದಯಕ್ಕೆ ದೀನತೆಯನ್ನೂ ದಯಪಾಲಿಸಿ. ಕಲಿತದ್ದನ್ನು ಹಂಚಿಕೊಳ್ಳಲು ಕಲಿಸಿ. ಆಮೆನ್.