ಫ್ರಿಜ್ಜಿಗೆ ಬೋರ್ ನೀರು ತುಂಬಬೇಡಿ

ಬಾಗಿಲಲ್ಲೇ ತಣ್ಣೀರು ಬರುವ ಫ್ರಿಜ್ ಈಗ ಬಡವನಹಳ್ಳಿಯಂಥ ಊರುಗಳಿಗೂ ಬಂದಿದೆ. ಬಾಗಿಲಿನ ಒಳಬದಿಗೆ 2ರಿಂದ 4 ಲೀಟರ್ ಹಿಡಿಯುವ ಟ್ಯಾಂಕು, ಹೊರಗೆ ಲೋಟ ಒತ್ತಿದರೆ ನೀರು ಬಿಡುವ ವಾಲ್ವ್, ಫ್ರೀಜರಿನಲ್ಲಿ ನಾಬ್ ತಿರುವಿದರೆ ಐಸ್ ಉದುರಿಸುವ ಟ್ರೇ. ಬಳಸುವುದು ಯಾರಿಗೂ ಕಷ್ಟವಲ್ಲ. ಜನ ಎಡವುತ್ತಿರುವುದು ಅದಕ್ಕೆ ತುಂಬುವ ನೀರಿನ ವಿಚಾರದಲ್ಲಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಭಾಗದ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಾಗ 1.5ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೊ. ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ದೊಡ್ಡವರ ಕೀಲುಗಳು ಬಿಗಿಯುತ್ತವೆ. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ಹೊತ್ತು ತರುವ ಮನೆಯವರೇ ಐಸ್ ಟ್ರೇಗೆ ಮಾತ್ರ ನಲ್ಲಿ ನೀರು ಹಿಡಿಯುತ್ತಾರೆ. ಕೇಳಿದರೆ ‘ಐಸ್‌ಗೆ ತಾನೆ?’ ಎನ್ನುತ್ತಾರೆ. ಆ ಐಸ್ ಕರಗುವುದು ಮಕ್ಕಳು ಕುಡಿಯುವ ಪಾನಕದಲ್ಲೇ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಐಸ್ ಮಾಡಿದ ಮಾತ್ರಕ್ಕೆ ನೀರಿನಲ್ಲಿದ್ದ ಕ್ರಿಮಿಗಳೆಲ್ಲ ಸಾಯುವುದೂ ಇಲ್ಲ. ದುಬಾರಿ ಫ್ರಿಜ್‌ಗಳಲ್ಲಿರುವ ಫಿಲ್ಟರ್ ಸಾಮಾನ್ಯವಾಗಿ ಇದ್ದಿಲಿನದು. ಕ್ಲೋರಿನ್ ವಾಸನೆ ತೆಗೆಯುತ್ತದೆ, ರುಚಿ ಸರಿಮಾಡುತ್ತದೆ; ಫ್ಲೋರೈಡಾಗಲಿ ಗಡಸುತನವಾಗಲಿ ಅದಕ್ಕೆ ಬಗ್ಗುವುದಿಲ್ಲ. ಆರ್‌ಒ ನೀರನ್ನೇ ತುಂಬಿ. ಘಟಕದ ನೀರು ಎಂದಿನ ಸಪ್ಪೆ ರುಚಿ ಬಿಟ್ಟು ಸೌಳಾಗಿ ಬಂದರೆ ಮೆಂಬ್ರೇನ್ ಕೆಟ್ಟಿರಬಹುದು, ತಡಮಾಡದೆ ಪಂಚಾಯಿತಿಯವರ ಕಿವಿಗೆ ಹಾಕಿ.

ಹೊಸ ಫ್ರಿಜ್ ಬಂದಾಗ ಟ್ಯಾಂಕು ಕಳಚಿ ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಿರಿ. ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ವಾಪಸು ಇಡುವಾಗ ಅದರ ಮೂತಿಯನ್ನು ಬಾಗಿಲಿನ ತೂತಿಗೆ ಪೂರ್ತಿ ಒತ್ತಿ ಕೂರಿಸಿ. ಅರ್ಧಂಬರ್ಧ ಕೂತರೆ ನೀರು ಒಳಗೇ ಜಿನುಗಿ ಕೆಳಗಿನ ತರಕಾರಿ ಡಬ್ಬಿಗೆ ಇಳಿಯುತ್ತದೆ. ಮೊದಲ ಸಲ ತುಂಬಿದ ನೀರನ್ನೂ ಮೊದಲ ಟ್ರೇ ಐಸನ್ನೂ ಚೆಲ್ಲಿ. ಟ್ಯಾಂಕಿಗೆ ನೀರು ಬಿಟ್ಟು ಜ್ಯೂಸು, ಮಜ್ಜಿಗೆ ಏನನ್ನೂ ಹಾಕಬೇಡಿ. ಟ್ರೇಯನ್ನು ಗೆರೆಯವರೆಗೆ ಮಾತ್ರ ತುಂಬಿ. ಗೆರೆ ದಾಟಿದರೆ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಲವಾಗಿ ತಿರುವಿದಿರೋ, ನಾಬ್ ಮುರಿದು ಕೈಗೆ ಬರುತ್ತದೆ.

ಟ್ರೇ ತಳದಲ್ಲಿ ಬಿಳಿ ಪೊರೆ ಕಂಡರೆ ಯಾರೋ ಗಡಸು ನೀರು ಹಾಕಿದ್ದಾರೆಂದು ತಿಳಿಯಿರಿ. ವಿನೆಗರಿಗೆ ಸಮಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಹಾಕಿ ಉಜ್ಜಿದರೆ ಬಿಡುತ್ತದೆ. ಟ್ಯಾಂಕನ್ನು ವಾರಕ್ಕೊಮ್ಮೆಯಾದರೂ ತೊಳೆಯಿರಿ. ಹೊರಗೆ ನೀರು ಬೀಳುವ ಮೂತಿಯ ಅಡಿಗೆ ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ ಲೋಳೆ ಬೆರಳಿಗೆ ಸಿಗುತ್ತದೆ. ಅದಕ್ಕೆಂದೇ ಒಂದು ಮೆತ್ತನೆ ಬ್ರಷ್ ಎತ್ತಿಡಿ.

ಪೈಪಿನಿಂದಲೇ ನೀರು ಎಳೆದು ತಾನಾಗಿ ಐಸ್ ಮಾಡುವ ಎರಡು ಬಾಗಿಲಿನ ದೊಡ್ಡ ಫ್ರಿಜ್ ಕೊಳ್ಳುವವರು ನೀರಿನ ಒತ್ತಡ ಎಷ್ಟು ಬೇಕೆಂದು ಮೊದಲೇ ಕೇಳಿ. ತಾರಸಿ ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೂ ಸಿಗುವುದು ಸುಮಾರು 0.3 ಬಾರ್. ಇಂಥವು ಸಾಮಾನ್ಯವಾಗಿ 1 ಬಾರ್‌ಗಿಂತ ಹೆಚ್ಚು ಕೇಳುತ್ತವೆ. ಐಸ್ ಚಿಕ್ಕದಾಗಿ, ಟೊಳ್ಳಾಗಿ ಬರುವುದಕ್ಕೆ ಇದೂ ಒಂದು ಕಾರಣ. ಪೈಪಿನಲ್ಲಿ ಬೋರ್ ನೀರೇ ಬರುವ ಮನೆಗೆ ಕೈಯಲ್ಲಿ ತುಂಬುವ ಮಾದರಿಯೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಫಿಲ್ಟರ್ ಇದ್ದರೆ 6 ತಿಂಗಳಿಗೊಮ್ಮೆ ಬದಲಿಸಿ. ಕರೆಂಟ್ ಹೋಗಿ ಕರಗಿದ ಐಸ್ ಮತ್ತೆ ಗಡ್ಡೆಕಟ್ಟಿದ್ದರೆ ಚಾಕು ಹಾಕಿ ಮೀಟಬೇಡಿ, ಐಸ್ ಡಬ್ಬಿ ಹೊರಗಿಟ್ಟು ಕರಗಿಸಿ ಚೆಲ್ಲಿ. ನಾಲ್ಕು ದಿನ ಊರಿಗೆ ಹೊರಟರೆ ಟ್ಯಾಂಕು ಬರಿದು ಮಾಡಿ ಒಣಗಿಸಿಡಿ.