ವಾಹನದ ಮುಂಫಲಕ: ದೀಪಗಳ ಭಾಷೆ ಮತ್ತು ಗೇರಿನ ವಿವೇಕ

ಓದುವುದೆಂದರೆ ಪುಸ್ತಕವನ್ನು ಓದುವುದು ಮಾತ್ರವೇ ಅಲ್ಲ. ರೈತನು ಮುಗಿಲನ್ನು ಓದುತ್ತಾನೆ. ವೈದ್ಯನು ನಾಡಿಯನ್ನು ಓದುತ್ತಾನೆ. ಗುರುವು ಶಿಷ್ಯನ ಮುಖವನ್ನು ಓದುತ್ತಾನೆ. ಅದರಂತೆಯೇ ಯಂತ್ರಗಳಿಗೂ ತಮ್ಮ ಕ್ಷೇಮವನ್ನು, ಸಂಕಟವನ್ನು ಹೇಳಿಕೊಳ್ಳುವ ಒಂದು ಭಾಷೆಯುಂಟು. ಮೋಟಾರು ವಾಹನದ ಮಟ್ಟಿಗೆ ಆ ಭಾಷೆಯ ಪುಟವೇ ಚಾಲಕನ ಕಣ್ಣೆದುರಿಗಿರುವ ಮುಂಫಲಕ, ಅಂದರೆ ಡ್ಯಾಶ್‌ಬೋರ್ಡು. ಈ ಪುಟವನ್ನು ಓದಬಲ್ಲವನಿಗೂ ಓದಲಾರದವನಿಗೂ ಇರುವ ಅಂತರವು ಒಮ್ಮೊಮ್ಮೆ ಸಾವಿರಾರು ರೂಪಾಯಿಗಳ ಅಂತರವಾಗಿರುತ್ತದೆ. ಮತ್ತೊಮ್ಮೆ ಪ್ರಾಣದ ಅಂತರವೇ ಆಗಿರುತ್ತದೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಕೊಪ್ಪಳದಲ್ಲಿ ಈ ತಿಳಿವಳಿಕೆಯ ಅಗತ್ಯ ಹೆಚ್ಚು. ಕೊಪ್ಪಳವನ್ನು ಹಾಯ್ದು ಹೋಗುವ 67ನೆಯ ರಾಷ್ಟ್ರೀಯ ಹೆದ್ದಾರಿ, ಕುಷ್ಟಗಿಯನ್ನು ಮುಟ್ಟುವ 50ನೆಯ ಹೆದ್ದಾರಿ, ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಭತ್ತ ಹೊತ್ತು ಸಾಗುವ ರಸ್ತೆಗಳು, ಯಲಬುರ್ಗಾದ ಎರೆಭೂಮಿಯ ನಡುವಣ ಹಾದಿಗಳು ಇವೆಲ್ಲ ಹಗಲಿರುಳು ವಾಹನಗಳಿಂದ ತುಂಬಿವೆ. ಒಂದು ಕಾಲಕ್ಕೆ ಊರಿನಲ್ಲಿ ಬೆರಳೆಣಿಕೆಯವರ ಬಳಿ ಮಾತ್ರ ಇದ್ದ ಕಾರು ಇಂದು ಶಿಕ್ಷಕರ, ವರ್ತಕರ, ರೈತರ ಮನೆಯಂಗಳದಲ್ಲಿ ನಿಂತಿದೆ. ಆದರೆ ಊರು ಊರುಗಳ ನಡುವೆ ಗ್ಯಾರೇಜಾಗಲಿ ಮೇಸ್ತ್ರಿಯಾಗಲಿ ಸಿಗದ ಬಯಲು ಹಾದಿಗಳು ಇನ್ನೂ ಉಂಟು. ಅಂಥಲ್ಲಿ ಚಾಲಕನಿಗೆ ಮುಂಫಲಕವೇ ಮೊದಲ ಸಲಹೆಗಾರ.

1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮುಂಫಲಕ ಸರಳವಾದುದು: ಕೆಲವು ಮಾಪಕಗಳು, ನಾಲ್ಕಾರು ದೀಪಗಳು, ಅಷ್ಟೇ. ಗೇರಿನ ಸರಳು ಬಹುಕಾಲ ಸ್ಟೀರಿಂಗಿನ ಪಕ್ಕದಲ್ಲಿಯೇ ಇರುತ್ತಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ ನೆಲದ ಮೇಲಣ ಗೇರು ಮನೆಮಾತಾಯಿತು. ಈಗಿನ ಕಾರುಗಳಲ್ಲಿ ಗಣಕಯಂತ್ರಗಳು ಇಂಜಿನ್ನು, ಬ್ರೇಕು, ಗಾಳಿಚೀಲಗಳನ್ನು ಕ್ಷಣಕ್ಷಣಕ್ಕೂ ಪರೀಕ್ಷಿಸುತ್ತಿದ್ದು, ದೀಪಗಳ ಸಂಖ್ಯೆ ಹಲವು ಮಡಿ ಬೆಳೆದಿದೆ. ಅವುಗಳ ಚಿತ್ರಗಳು ಮನಬಂದಂತೆ ಬರೆದವಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 2575ನೆಯ ಮಾನಕವು ಅವುಗಳ ರೂಪವನ್ನೂ ಬಣ್ಣವನ್ನೂ ಗೊತ್ತುಪಡಿಸಿದೆ. ಆದುದರಿಂದ ಒಂದು ಕಾರಿನಲ್ಲಿ ಕಲಿತ ಪಾಠ ಬಹುಮಟ್ಟಿಗೆ ಬೇರೆ ಕಾರುಗಳಿಗೂ ಸಲ್ಲುತ್ತದೆ.

ಬಣ್ಣವೆಂದರೆ ಕಾಲಾವಧಿ

ಎಲ್ಲ ಚಿತ್ರಗಳನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೊದಲು ಬಣ್ಣವನ್ನು ಅರಿತರೆ ಸಾಕು. ಚಾಲಕನಿಗೆ ಎಷ್ಟು ಸಮಯವಿದೆ ಎಂಬುದನ್ನು ಬಣ್ಣ ಹೇಳುತ್ತದೆ. ಹಸಿರು ಮತ್ತು ನೀಲಿ ಬಣ್ಣಗಳು ಯಾವುದೋ ಒಂದು ಉಪಕರಣ ಕೆಲಸ ಮಾಡುತ್ತಿದೆ ಎಂಬ ವರದಿಯಷ್ಟೇ. ಹಳದಿಯು, ದೋಷವೊಂದು ತಲೆದೋರಿದೆ, ಸಾವಕಾಶವಾಗಿ ಊರು ಸೇರಿ ಬೇಗನೆ ತೋರಿಸಿಕೊಳ್ಳಬೇಕು ಎನ್ನುತ್ತದೆ. ಕೆಂಪಿನ ಮಾತು ಒಂದೇ: ಸಮಯವಿಲ್ಲ, ಸುರಕ್ಷಿತವಾದ ಕಡೆ ಈಗಲೇ ನಿಲ್ಲಿಸು.

ಎರಡನೆಯ ಪಾಠವು ಇಂಜಿನ್ ಚಾಲೂ ಮಾಡುವ ಮೊದಲಿನ ಕ್ಷಣಕ್ಕೆ ಸಂಬಂಧಿಸಿದುದು. ಕೀಲಿಯನ್ನು ತಿರುಗಿಸಿದೊಡನೆ ಮುಖ್ಯ ದೀಪಗಳೆಲ್ಲ ಒಮ್ಮೆ ಬೆಳಗಿ, ಇಂಜಿನ್ ಚಾಲೂ ಆದ ಬಳಿಕ ಒಂದೊಂದಾಗಿ ಆರುತ್ತವೆ. ಇದು ಶಾಲೆಯ ಹಾಜರಿಯಿದ್ದಂತೆ. ಆರದೆ ಉಳಿದ ದೀಪ ದೋಷವನ್ನು ಸೂಚಿಸುತ್ತದೆ. ಆದರೆ ಮೊದಲಿಗೆ ಬೆಳಗಲೇ ಬೇಕಾದ ದೀಪ ಬೆಳಗದಿದ್ದರೆ ಅದು ಇನ್ನೂ ಅಪಾಯಕರ. ಏಕೆಂದರೆ ನಾಳೆ ಸಂಕಟ ಬಂದಾಗ ಅದು ಹಾಜರಿ ಹೇಳಲಾರದು. ಹಳೆಯ ಕಾರನ್ನು ಕೊಳ್ಳುವವರು ಈ ಒಂದು ಪರೀಕ್ಷೆಯನ್ನು ತಪ್ಪದೆ ಮಾಡತಕ್ಕದ್ದು. ದೋಷವನ್ನು ಮುಚ್ಚಿಡಲು ದೀಪವನ್ನೇ ಕಿತ್ತಿರುವ ಸಂಭವವೂ ಉಂಟು.

ಕೆಂಪು ದೀಪಗಳು

ಎಣ್ಣೆಗಿಂಡಿಯ ಚಿತ್ರವುಳ್ಳ ಕೆಂಪು ದೀಪ ಎಲ್ಲಕ್ಕಿಂತ ಗಂಭೀರವಾದುದು. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಇಂಜಿನ್ನಿನ ಬ್ಲಾಕು, ಹೆಡ್ಡುಗಳನ್ನು ಬೀಡುಕಬ್ಬಿಣದಲ್ಲಿ ಎರಕ ಹೊಯ್ಯುವುದನ್ನು ಈ ಭಾಗದವರು ಬಲ್ಲರು. ಅಷ್ಟು ಗಟ್ಟಿಯಾದ ಬ್ಲಾಕಿನೊಳಗೆ ಮಿನಿಟಿಗೆ ಸಾವಿರಾರು ಸುತ್ತು ತಿರುಗುವ ಕ್ರ್ಯಾಂಕ್ ದಂಡವನ್ನೂ ಅದರ ಬೇರಿಂಗನ್ನೂ ಬೇರ್ಪಡಿಸುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಮಾತ್ರ. ಎಣ್ಣೆಯ ಒತ್ತಡ ಇಳಿದೊಡನೆ ಆ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಕೆಲವೇ ನಿಮಿಷಗಳಲ್ಲಿ ಇಂಜಿನ್ ಬಿಗಿದುಕೊಳ್ಳಬಹುದು. ಯಲಬುರ್ಗಾದಿಂದ ಕುಷ್ಟಗಿಗೆ ಹೊರಟ ಒಬ್ಬ ಗೃಹಸ್ಥನಿಗೆ ನಡುದಾರಿಯಲ್ಲಿ ಈ ದೀಪ ಕಂಡಿತೆಂದು ಭಾವಿಸೋಣ. "ಊರು ಮುಟ್ಟಿದ ಮೇಲೆ ನೋಡಿದರಾಯಿತು" ಎಂದು ಆತ ಮುಂದುವರಿದರೆ ಊರನ್ನು ಮುಟ್ಟುವುದೇ ಸಂದೇಹ. ಅಲ್ಲಿಯೇ ಇಂಜಿನ್ ನಿಲ್ಲಿಸಿ, ಸಮತಟ್ಟಾದ ನೆಲದಲ್ಲಿ ಕೆಲವು ನಿಮಿಷ ಬಿಟ್ಟು, ಅಳತೆಗೋಲಿನಿಂದ ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು. ಈ ದೀಪ ತೋರಿಸುವುದು ಒತ್ತಡವನ್ನೇ ಹೊರತು ಪ್ರಮಾಣವನ್ನಲ್ಲ. ಆದುದರಿಂದ ಎಣ್ಣೆ ಸಾಕಷ್ಟಿದ್ದೂ ದೀಪ ಆರದಿದ್ದರೆ ವಾಹನವನ್ನು ಎಳೆಯಿಸಿಕೊಂಡು ಹೋಗುವುದೇ ಲೇಸು.

ನೀರಿನ ಅಲೆಯ ಮೇಲೆ ನಿಂತ ಉಷ್ಣಮಾಪಕದ ಚಿತ್ರ ಇಂಜಿನ್ನಿನ ಕಾವನ್ನು ತಿಳಿಸುತ್ತದೆ. ಕೆಲವು ಕಾರುಗಳಲ್ಲಿ ಮುಳ್ಳಿನ ಬದಲು ದೀಪವೇ ಇದ್ದು, ಇಂಜಿನ್ ತಣ್ಣಗಿರುವಾಗ ನೀಲಿಯಾಗಿಯೂ ಕಾವು ಮಿತಿಮೀರಿದಾಗ ಕೆಂಪಾಗಿಯೂ ಬೆಳಗುತ್ತದೆ. ಬೇಸಗೆಯ ಉರಿಬಿಸಿಲಿನಲ್ಲಿ ಮಾತ್ರವಲ್ಲ, ಜನವರಿಯ ಗವಿಮಠದ ಜಾತ್ರೆಯ ಜನಸಂದಣಿಯಲ್ಲಿ ಆಮೆನಡೆಯಿಂದ ಸಾಗುವಾಗಲೂ ಕಾವು ಏರಬಹುದು. ಓಟದ ಗಾಳಿ ಇಲ್ಲದುದರಿಂದ ಆಗ ರೇಡಿಯೇಟರಿಗೆ ಫ್ಯಾನೊಂದೇ ಗತಿ. ಕಾವು ಏರುತ್ತಿರುವಾಗ ತಂಪುಯಂತ್ರವನ್ನು ನಿಲ್ಲಿಸಿ ಹೀಟರನ್ನು ಹಾಕಿದರೆ ಇಂಜಿನ್ನಿನ ಶಾಖ ಸ್ವಲ್ಪ ಹೊರಗೆ ಬರುತ್ತದೆ. ದೀಪ ಕೆಂಪಾದರೆ ವಾಹನವನ್ನು ನಿಲ್ಲಿಸಲೇಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲವಾದೊಡನೆ ಉಗಿಯಾಗಿ ಚಿಮ್ಮಿ ಮುಖವನ್ನೇ ಸುಡುತ್ತದೆ. ಇನ್ನೊಂದು ಮಾತು: ಈ ಭಾಗದ ಅನೇಕ ಕೊಳವೆಬಾವಿಗಳ ನೀರು ಗಡಸು. ಅಡಿಗೆಯ ಪಾತ್ರೆಯಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುವ ಅದೇ ನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ತಯಾರಕರು ಹೇಳಿದ ಕೂಲೆಂಟ್ ದ್ರವವನ್ನೇ ಬಳಸಬೇಕೆಂಬುದು ಇದಕ್ಕಾಗಿ.

ಬ್ಯಾಟರಿಯ ಚಿತ್ರ ಓಟದ ನಡುವೆ ಬೆಳಗಿದರೆ ಬ್ಯಾಟರಿಯೇ ಕೆಟ್ಟಿದೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. ವಿದ್ಯುತ್ ತುಂಬುವ ವ್ಯವಸ್ಥೆ ನಿಂತಿದೆ ಎಂಬುದೇ ಅದರ ಅರ್ಥ. ಬೆಲ್ಟು ಹರಿದಿರಬಹುದು. ಅನೇಕ ಇಂಜಿನ್ನುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಆದುದರಿಂದ ಬ್ಯಾಟರಿಯ ದೀಪದ ಹಿಂದೆಯೇ ಕಾವೂ ಏರತೊಡಗಿದರೆ ಎರಡು ದೋಷಗಳಲ್ಲ, ಒಂದೇ ದೋಷದ ಎರಡು ಸಾಕ್ಷಿಗಳು ಎಂದು ಊಹಿಸಬಹುದು. ಬಿಡಿ ಅಕ್ಷರಗಳನ್ನು ಕೂಡಿಸಿ ಪದವನ್ನು ಓದುವಂತೆ ದೀಪಗಳನ್ನೂ ಕೂಡಿಸಿ ಓದಬೇಕು.

ವೃತ್ತದೊಳಗಿನ ಉದ್ಗಾರಚಿಹ್ನೆ ಬ್ರೇಕಿಗೆ ಸಂಬಂಧಿಸಿದುದು. ಕೈಬ್ರೇಕನ್ನು ಬಿಟ್ಟ ಮೇಲೂ ಅದು ಆರದಿದ್ದರೆ ಬ್ರೇಕಿನ ದ್ರವ ಕಡಿಮೆಯಾಗಿರಬಹುದು. ಪ್ಯಾಡುಗಳು ಸವೆದಿರಬಹುದು, ಇಲ್ಲವೆ ದ್ರವ ಎಲ್ಲಿಯೋ ಸೋರುತ್ತಿರಬಹುದು. ದ್ರವ ಸುರಿದು ದೀಪವನ್ನು ಆರಿಸುವುದು ಚಿಕಿತ್ಸೆಯಲ್ಲ. ಕಾರಣವನ್ನು ಹುಡುಕುವುದೇ ಚಿಕಿತ್ಸೆ.

ಹಳದಿ ದೀಪಗಳು

ಎ.ಬಿ.ಎಸ್. ಎಂಬ ಅಕ್ಷರಗಳ ದೀಪ ಒಂದೇ ಬೆಳಗಿದರೆ ಸಾಮಾನ್ಯ ಬ್ರೇಕು ಹಿಡಿಯುತ್ತದೆ. ಆದರೆ ಅವಸರದಲ್ಲಿ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ರಕ್ಷಣೆ ಇರುವುದಿಲ್ಲ. ಇದರೊಡನೆ ಕೆಂಪು ಬ್ರೇಕ್ ದೀಪವೂ ಸೇರಿದರೆ ಪ್ರಯಾಣ ಅಲ್ಲಿಗೆ ನಿಲ್ಲಬೇಕು.

ಇಂಜಿನ್ನಿನ ಚಿತ್ರವುಳ್ಳ ದೀಪ ಸ್ಥಿರವಾಗಿ ಬೆಳಗಿದರೆ ಎಚ್ಚರದಿಂದ ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಿದ್ದರೆ ವೇಗವನ್ನು ತಗ್ಗಿಸಿ ಆದಷ್ಟು ಬೇಗ ನಿಲ್ಲಿಸಬೇಕು. ಆಗ ಸಿಲಿಂಡರಿನಲ್ಲಿ ಉರಿಯದ ಇಂಧನವು ಹೊಗೆನಳಿಗೆಯಲ್ಲಿರುವ ಬೆಲೆಬಾಳುವ ಶುದ್ಧೀಕರಣ ಸಾಧನವನ್ನು ಸುಡುತ್ತಿರುತ್ತದೆ. ಡೀಸೆಲ್ ವಾಹನದ ಸುರುಳಿತಂತಿಯ ದೀಪ ಆರುವವರೆಗೆ ಕಾದು ಇಂಜಿನ್ ಚಾಲೂ ಮಾಡುವುದು ವಿಹಿತ. 1 ಏಪ್ರಿಲ್ 2020ರಿಂದ ಬಿ.ಎಸ್. 6 ಮಾನದಂಡ ಜಾರಿಯಾದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೂ ಸೇರಿದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಕಿರುದೂರವನ್ನೇ ಓಡಿಸಿದರೆ ಸೋಸುಕದಲ್ಲಿ ಮಸಿ ತುಂಬಿ ದೀಪ ಬೆಳಗುತ್ತದೆ. ಅಂಥ ಕಾರನ್ನು ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಮಸಿ ತಾನೇ ಸುಟ್ಟುಹೋಗುವುದುಂಟು. ತಗ್ಗಿದ ಟೈರಿನ ಅಡ್ಡಕೊಯ್ತದಂತಿರುವ ಚಿತ್ರ ಗಾಳಿ ಕಡಿಮೆಯಾದುದನ್ನು ತಿಳಿಸುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಗೇರಿನ ವಿಚಾರ

ಇಂಜಿನ್ನಿನ ಬಲವನ್ನು ಹಾದಿಯ ಅಗತ್ಯಕ್ಕೆ ಹೊಂದಿಸುವುದೇ ಗೇರಿನ ಕೆಲಸ. ಒಂದನೆಯ ಗೇರಿನಲ್ಲಿ ಬಲ ಹೆಚ್ಚು, ವೇಗ ಕಡಿಮೆ. ಮೇಲಿನ ಗೇರುಗಳಲ್ಲಿ ವೇಗ ಹೆಚ್ಚು, ಬಲ ಕಡಿಮೆ. ಏರಿನಲ್ಲಿ ಇಂಜಿನ್ ನಡುಗಿ ನರಳುತ್ತಿದ್ದರೂ ಮೇಲಿನ ಗೇರನ್ನು ಬಿಡದಿರುವುದು ಇಂಧನದ ಉಳಿತಾಯವಲ್ಲ, ಇಂಜಿನ್ನಿಗೆ ಕೊಡುವ ಶಿಕ್ಷೆ. ಹೊಸ ಕಾರುಗಳ ಫಲಕದಲ್ಲಿ ಮೇಲ್ಮುಖ, ಕೆಳಮುಖ ಬಾಣಗಳು ಯಾವಾಗ ಗೇರು ಬದಲಿಸಬೇಕೆಂದು ಸೂಚಿಸುತ್ತವೆ.

ಇಳಿಜಾರಿನಲ್ಲಿ ಗೇರನ್ನು ತಟಸ್ಥಕ್ಕೆ ಹಾಕಿ, ಕೆಲವೊಮ್ಮೆ ಇಂಜಿನ್ನನ್ನೇ ಆರಿಸಿ, ಇಂಧನ ಉಳಿಸಿದೆವೆಂದು ಸಂತೋಷಪಡುವ ಚಾಲಕರುಂಟು. ಇದು ಎರಡು ಬಗೆಯಲ್ಲಿ ತಪ್ಪು. ಇಂದಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಬಿಟ್ಟರೆ ಇಂಧನ ಹರಿಯುವುದು ತಾನಾಗಿ ನಿಲ್ಲುತ್ತದೆ. ತಟಸ್ಥದಲ್ಲಿಟ್ಟರೆ ಇಂಜಿನ್ ಆರದಂತಿರಲು ಅದು ಇಂಧನವನ್ನು ಕುಡಿಯುತ್ತಲೇ ಇರುತ್ತದೆ. ಇಂಜಿನ್ ಆರಿಸಿದರೆ ಬ್ರೇಕಿಗೆ ದೊರೆಯುವ ನೆರವು ಒಂದೆರಡು ಸಲ ಒತ್ತಿದ ಮೇಲೆ ಮುಗಿದುಹೋಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಇಳಿಜಾರಿನಲ್ಲಿ ತಕ್ಕ ಕೆಳಗಿನ ಗೇರೇ ಅತ್ಯುತ್ತಮ ಬ್ರೇಕು.

ಸ್ವಯಂಚಾಲಿತ ಗೇರಿನಲ್ಲಿ ಪಿ ಎಂದರೆ ನಿಲುಗಡೆ, ಆರ್ ಎಂದರೆ ಹಿಂಚಲನೆ, ಎನ್ ಎಂದರೆ ತಟಸ್ಥ, ಡಿ ಎಂದರೆ ಮುಂಚಲನೆ. ವಾಹನ ಪೂರ್ತಿಯಾಗಿ ನಿಲ್ಲುವ ಮೊದಲು ಡಿಯಿಂದ ಆರ್‌ಗಾಗಲಿ ಪಿಗಾಗಲಿ ಹೋಗಬಾರದು. ಕ್ಲಚ್ಚನ್ನು ಯಂತ್ರವೇ ಒತ್ತುವ ಎ.ಎಂ.ಟಿ. ಕಾರುಗಳಲ್ಲಿ ಪಿ ಇಲ್ಲದಿರುವುದುಂಟು. ಅಲ್ಲಿ ಕೈಬ್ರೇಕನ್ನು ಎಳೆಯಲು ಮರೆತು ಇಳಿದರೆ ವಾಹನ ತಾನೇ ಹೊರಳಬಹುದು. ವಿದ್ಯುತ್ ಕಾರು ಸದ್ದು ಮಾಡುವುದಿಲ್ಲವಾದುದರಿಂದ ಅದು ಚಾಲೂ ಇದೆಯೇ ಎಂಬುದನ್ನು ಕಿವಿಯಿಂದಲ್ಲ, ಫಲಕದ ರೆಡಿ ದೀಪದಿಂದ ತಿಳಿಯಬೇಕು.

ಬಾಯಿ ಮುಚ್ಚಿಸಿದ ದೀಪ

1 ಜುಲೈ 2019ರಿಂದ ಭಾರತದಲ್ಲಿ ತಯಾರಾಗುವ ಕಾರುಗಳಿಗೆ ಸೀಟ್ ಬೆಲ್ಟಿನ ಎಚ್ಚರಿಕೆಯೂ ವೇಗದ ಎಚ್ಚರಿಕೆಯೂ ಕಡ್ಡಾಯವಾಗಿವೆ. ವೇಗ 80 ಕಿ.ಮೀ. ಮೀರಿದರೆ ಆಗಾಗ, 120 ಮೀರಿದರೆ ಎಡೆಬಿಡದೆ ಸದ್ದು ಕೇಳಿಸುತ್ತದೆ. ಈ ಸದ್ದು ಕಿರಿಕಿರಿಯೆಂದು ಖಾಲಿ ಬಕ್ಕಲನ್ನು ಸಿಕ್ಕಿಸಿ ಬಾಯಿ ಮುಚ್ಚಿಸುವವರಿದ್ದಾರೆ. ಅಂಥ ಕೊಂಡಿಗಳ ಆನ್‌ಲೈನ್ ಮಾರಾಟದ ವಿರುದ್ಧ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆದೇಶ ಹೊರಡಿಸಬೇಕಾಯಿತು. ಗಾಳಿಚೀಲವನ್ನು ರೂಪಿಸಿರುವುದೇ ಬೆಲ್ಟು ಕಟ್ಟಿದ ದೇಹಕ್ಕಾಗಿ. ಕಟ್ಟದ ದೇಹ ಮುಂದಕ್ಕೆ ಎಸೆಯಲ್ಪಟ್ಟಾಗ, ರೆಪ್ಪೆ ಬಡಿಯುವುದರೊಳಗೆ ಉಬ್ಬುವ ಆ ಚೀಲವೇ ಪೆಟ್ಟಾಗಬಲ್ಲುದು. ಬಕ್ಕಲಿನಿಂದ ಯಂತ್ರವನ್ನು ವಂಚಿಸಬಹುದು, ಅಪಘಾತವನ್ನು ವಂಚಿಸಲಾಗದು.

ರಾತ್ರಿಯ ಪ್ರಯಾಣದಲ್ಲಿ ನೀಲಿ ದೀಪದ ಕಡೆಗೂ ಗಮನವಿರಲಿ. ಅದು ಬೆಳಗುತ್ತಿದ್ದರೆ ಎದುರಿನವನ ಕಣ್ಣಿಗೆ ಪೂರ್ಣ ಬೆಳಕು ಹೊಡೆಯುತ್ತಿದೆ ಎಂದರ್ಥ. ಹಿಂದೀಪವಿಲ್ಲದ ಟ್ರ್ಯಾಕ್ಟರು, ಚಕ್ಕಡಿಗಳು ಸಂಚರಿಸುವ ಹಾದಿಗಳಲ್ಲಿ ಅವನಿಗೆ ಮುಂದಿನದು ಕಾಣದಂತಾಗುವುದು ಎಷ್ಟು ಅನರ್ಥಕಾರಿಯೆಂದು ಹೇಳಬೇಕಾಗಿಲ್ಲ.

ಇಲ್ಲಿ ಹೇಳಿದುದು ಕಾರಿಗೆ ಮಾತ್ರ ಅನ್ವಯಿಸುವುದಲ್ಲ. ಬೆಳಗಿನ ಹೊತ್ತು ಹಳ್ಳಿಗಳಿಂದ ಮಕ್ಕಳನ್ನು ಕರೆತರುವ ಶಾಲಾ ವಾಹನದ ಫಲಕದಲ್ಲಿಯೂ ಇವೇ ದೀಪಗಳಿವೆ. ವಾಹನ ಹೊರಡುವ ಮುನ್ನ ಚಾಲಕನು ದೀಪಗಳ ಹಾಜರಿಯನ್ನು ನೋಡಿದನೇ, ಬೆಳಗಿದ ಕೆಂಪು ದೀಪಕ್ಕೆ ಯಾರು ಏನು ಮಾಡಿದರು ಎಂದು ವಿಚಾರಿಸುವ ಹೊಣೆ ಶಿಕ್ಷಕರದೂ ಪಾಲಕರದೂ ಹೌದು. ವಾಹನವನ್ನು ದಾನವಾಗಿತ್ತ ಉದಾರಿಗಳು ಅದರ ಪಾಲನೆಯ ವೆಚ್ಚವನ್ನೂ ನೆನೆದರೆ ಆ ದಾನ ಪೂರ್ಣವಾದೀತು. ತಡವಾಗಿ ಬಂದ ವಾಹನದಿಂದ ಒಂದು ಪಾಠ ತಪ್ಪಬಹುದು. ದೀಪವನ್ನು ಅಲಕ್ಷಿಸಿ ಹೊರಟ ವಾಹನದಿಂದ ತಪ್ಪಿಹೋಗುವುದಕ್ಕೆ ಲೆಕ್ಕವಿಲ್ಲ.

ಕೆಂಪಾದರೆ ನಿಲ್ಲು, ಹಳದಿಯಾದರೆ ತೋರಿಸು, ಹಸಿರು ನೀಲಿಗಳನ್ನು ತಿಳಿದುಕೊ. ಇಷ್ಟು ಪಾಠವನ್ನು ನೆನಪಿಟ್ಟು, ಉಳಿದುದಕ್ಕೆ ವಾಹನದೊಡನೆ ಬಂದ ಕೈಪಿಡಿಯನ್ನು ಒಮ್ಮೆಯಾದರೂ ಬಿಚ್ಚಿ ಓದುವುದು ವಿದ್ಯಾವಂತನೆನಿಸಿಕೊಂಡ ಪ್ರತಿಯೊಬ್ಬ ಚಾಲಕನ ಕರ್ತವ್ಯ.