ಅಳುಕಿಲ್ಲದ ಊಟ

ಜೀವಿಗಳೆಲ್ಲವೂ ಅನ್ನದಿಂದಲೇ ಹುಟ್ಟಿ ಅನ್ನದಿಂದಲೇ ಬದುಕುವುವೆಂದು ತೈತ್ತಿರೀಯೋಪನಿಷತ್ತು ಸಾರುವುದು. ಅದರ ಭೃಗುವಲ್ಲಿಯಲ್ಲಿ, ಅನ್ನವನ್ನು ನಿಂದಿಸದಿರುವುದನ್ನು ಒಂದು ವ್ರತವೆಂದೇ ವಿಧಿಸಿದೆ. ಎಲೆಗೆ ಬಡಿಸಿದುದನ್ನು ಉಪ್ಪು ಸಾಲದು, ಹುಳಿ ಹೆಚ್ಚೆಂದು ಜರೆಯಬಾರದೆಂದು ನಾವು ಇದಕ್ಕೆ ಅರ್ಥ ಮಾಡುವುದುಂಟು. ಆದರೆ ತುತ್ತನ್ನು ಬಾಯಿಗಿಟ್ಟುಕೊಂಡು 'ಅಯ್ಯೋ, ಇದನ್ನು ತಿನ್ನಬಾರದಾಗಿತ್ತು' ಎಂದು ಒಳಗೊಳಗೇ ಕೊರಗುತ್ತ ನುಂಗುವುದೂ ಅನ್ನದ ನಿಂದೆಯೇ ಅಲ್ಲವೆ? ಈ ಎರಡನೆಯ ಬಗೆಯ ನಿಂದೆಯನ್ನು ಕುರಿತು ವಾಚಕ ಮಹಾಶಯರೊಡನೆ ಕೊಂಚ ವಿಚಾರ ಮಾಡಬೇಕೆಂದಿದ್ದೇನೆ.

ನಮ್ಮ ಹೊಸೂರು ಸೀಮೆಯಲ್ಲಿ ಇಂತಹ ನಿಂದೆಗೆ ಮೊದಲು ಗುರಿಯಾದುದು ರಾಗಿ. ಕನ್ನಡದವರು ಮುದ್ದೆಯೆಂದೂ ತಮಿಳರು ಕಳಿಯೆಂದೂ ತೆಲುಗರು ಸಂಗಟಿಯೆಂದೂ ಕರೆಯುವ ಆಹಾರವು ಮೂರು ಭಾಷೆಯವರ ಹೊಟ್ಟೆಯನ್ನೂ ತುಂಬಿಸಿದುದಾದರೂ, ನೆಂಟರು ಬಂದೊಡನೆ ಮುದ್ದೆಯ ಪಾತ್ರೆ ಅಡುಗೆಮನೆಯ ಮೂಲೆಗೆ ಸರಿದು ಅಕ್ಕಿಯ ಅನ್ನವು ಮುಂದಕ್ಕೆ ಬರುತ್ತಿದ್ದಿತು. ಮಳೆಯನ್ನೇ ನಂಬಿದ ಹೊಲದಲ್ಲಿ ಬೆಳೆದು, ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದು, ಬರಗಾಲದಲ್ಲಿ ಕಾಪಾಡಿದ ಧಾನ್ಯವನ್ನು ಮನೆಯವರೇ ಮರೆಮಾಡುತ್ತಿದ್ದರು. 2008ರಲ್ಲಿ ತಮಿಳುನಾಡಿನ ಪಡಿತರ ಅಂಗಡಿಗಳಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ದೊರೆತು, 2011ರಲ್ಲಿ ಅದೇ ಅಕ್ಕಿ ಉಚಿತವಾದ ಮೇಲೆ ಹಬ್ಬದ ಅನ್ನವು ನಿತ್ಯದ ಅನ್ನವಾಯಿತು. ಹಸಿವು ಹಿಂಗಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದು ಸಣ್ಣ ಮಾತಲ್ಲ.

ಈಗ ಕಾಲಚಕ್ರವು ಮತ್ತೊಂದು ಸುತ್ತು ತಿರುಗಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದೇ ವರ್ಷ ನೆರೆಯ ಧರ್ಮಪುರಿ ಜಿಲ್ಲೆಯಲ್ಲಿ ಪಡಿತರದ ಅಕ್ಕಿಗೆ ಬದಲಾಗಿ 2 ಕಿಲೋ ರಾಗಿಯನ್ನು ಕೊಡುವ ಏರ್ಪಾಡಾಯಿತು. ರಾಗಿಗೆ ಮರ್ಯಾದೆ ಬಂದುದು ಸಂತೋಷವೇ ಸರಿ. ಆದರೆ ಅದರ ಹಿಂದೆಯೇ ಅಕ್ಕಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದೆವು. ನಿನ್ನೆ ಮುದ್ದೆಯನ್ನು ಮರೆಮಾಡಿದ ಮನೆಯಲ್ಲಿಯೇ ಇಂದು ಹಿಡಿ ಅನ್ನವನ್ನು ಕದ್ದು ಉಣ್ಣುವವರಿದ್ದಾರೆ!

ಕನಕದಾಸರ ರಾಮಧಾನ್ಯಚರಿತೆಯನ್ನು ಬಲ್ಲವರಿಗೆ ಈ ವ್ಯಾಜ್ಯ ಹೊಸದಲ್ಲ. ಶ್ರೀರಾಮನ ಮುಂದೆ ಭತ್ತವೂ ರಾಗಿಯೂ ತಾನು ಮೇಲು ತಾನು ಮೇಲೆಂದು ಕಾದಾಡಲು, ಸ್ವಾಮಿಯು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಭತ್ತವು ಕಂದಿತು, ರಾಗಿಯು ಕೆಡದೆ ಉಳಿದು ರಾಘವನ ಹೆಸರನ್ನೇ ಪಡೆಯಿತು. ಕೀಳೆನಿಸಿದುದಕ್ಕೆ ಮನ್ನಣೆ ದೊರೆತ ಕಥೆಯಿದು. ಇದನ್ನು ಓದಿ ಭತ್ತವನ್ನು ಹೊಸದಾಗಿ ಹಳಿಯತೊಡಗಿದರೆ, ಕಥೆಯನ್ನು ತಲೆಕೆಳಗಾಗಿ ಹಿಡಿದಂತಾಗುವುದು.

ಪದಾರ್ಥಗಳ ನಿಜಸ್ಥಿತಿಯನ್ನೂ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವುಂಟು. ಪಾಲಿಶ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು ಮಾತ್ರ. ನಾರಿನ ವಿಷಯದಲ್ಲಿಯೂ ರಾಗಿಯೇ ಮುಂದು. ಆದರೆ ಅಕ್ಕಿಯಲ್ಲಿ 78 ಗ್ರಾಂನಷ್ಟು ಪಿಷ್ಟವಿದ್ದರೆ, ರಾಗಿಯಲ್ಲಿಯೂ ಹೆಚ್ಚು ಕಡಿಮೆ 70 ಗ್ರಾಂ ಇರುವುದು. ಮೂರು ಮುದ್ದೆ ನುಂಗಿ 'ರಾಗಿಯಲ್ಲವೆ, ಸಕ್ಕರೆಯೇರದು' ಎಂಬುವವರು ಅದನ್ನು ಔಷಧಿಯೆಂದು ತಪ್ಪಾಗಿ ಎಣಿಸಿದ್ದಾರೆ. ಸೊಪ್ಪಿನ ಬಸ್ಸಾರೋ ಹುರುಳಿಯ ಸಾರೋ ಧಾರಾಳವಾಗಿದ್ದು ಮುದ್ದೆಯಾಗಲಿ ಅನ್ನವಾಗಲಿ ಮಿತವಾಗಿದ್ದರೆ, ಎರಡರಲ್ಲಿ ಯಾವುದಕ್ಕೂ ಹೆದರಬೇಕಾದುದಿಲ್ಲ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಹೇಳಿರುವುದು ಪ್ರಮಾಣವನ್ನು ಕುರಿತೇ.

ಅಳುಕಿನ ಕೆಡುಕು ಬಹಳವಾಗಿ ಕಾಣುವುದು ಸಕ್ಕರೆ ಕಾಯಿಲೆಯವರಲ್ಲಿ. ಚಂದ್ರಚೂಡೇಶ್ವರನ ತೇರಿನ ದಿನ ಬೆಟ್ಟ ಹತ್ತಿಳಿದು, ನಾಲ್ಕು ತುತ್ತು ಸಿಹಿಪೊಂಗಲು ತಿಂದು, ಆ ತಪ್ಪಿಗೆಂದು ಮರುದಿನ ಊಟವನ್ನೇ ಬಿಡುವುದುಂಟು. ಇದು ಭಕ್ತಿಯೂ ಅಲ್ಲ, ಪಥ್ಯವೂ ಅಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ರಕ್ತದಲ್ಲಿ ಸಕ್ಕರೆ ಹಠಾತ್ತನೆ ಇಳಿಯಬಹುದು: ಬೆವರು, ಕೈನಡುಕ, ತಲೆಸುತ್ತು, ಕಡೆಗೆ ಪ್ರಜ್ಞೆ ತಪ್ಪುವುದೂ ಉಂಟು. ಎಚ್ಚರವಿರುವಾಗಲೇ ಸಕ್ಕರೆಯ ನೀರನ್ನು ಕುಡಿಸತಕ್ಕದ್ದು. ಆದುದರಿಂದ ಪ್ರಸಾದವನ್ನು ಪ್ರಸಾದದ ಅಳತೆಯಲ್ಲಿ, ಅಂಗೈಯೊಳಗೆ ಹಿಡಿಸುವಷ್ಟು, ಕಣ್ಣಿಗೊತ್ತಿಕೊಂಡು ನೆಮ್ಮದಿಯಿಂದ ಸ್ವೀಕರಿಸಿ, ಮುಂದಿನ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡುವುದೇ ಮೇಲು. ಏಕಾದಶಿಯ ಉಪವಾಸಕ್ಕೆ ಮುನ್ನ ಇಂತಹವರು ವೈದ್ಯರನ್ನು ಕೇಳಬೇಕು. ಹಾಗೆ ಕೇಳುವುದರಿಂದ ವ್ರತಕ್ಕೆ ಕುಂದುಂಟಾಗುವುದೆಂದು ಶಂಕಿಸುವವರಿಗೆ ಮಹಾಭಾರತದ ಉದ್ಯೋಗಪರ್ವದಲ್ಲಿಯೇ ಉತ್ತರವಿದೆ. ವ್ರತವನ್ನು ಕೆಡಿಸದ ಎಂಟನ್ನು ಅಲ್ಲಿ ಎಣಿಸುವಾಗ ನೀರು, ಗೆಡ್ಡೆ, ಹಣ್ಣು, ಹಾಲುಗಳ ಸಾಲಿನಲ್ಲಿ ಔಷಧವನ್ನೂ ಹೇಳಿದೆ.

ಎಲೆಯಲ್ಲಿ ಬಿಟ್ಟರೆ ಪಾಪವೆಂಬ ಭಯವೂ ಒಂದು ಅಳುಕೇ. ಅನ್ನ ಚೆಲ್ಲಬಾರದೆಂಬುದು ದಿಟ. ಆದರೆ ಬಡಿಸುವವರು ಒತ್ತಾಯದಿಂದ ಸುರಿದು, ಉಣ್ಣುವವನು ಪಾಪಭೀತಿಯಿಂದ ನುಂಗಿ ನರಳಿದರೆ ಯಾರಿಗೆ ಪುಣ್ಯ? ಕೊಂಚ ಬಡಿಸಿ ಮತ್ತೊಮ್ಮೆ ಬಂದು ಕೇಳುವುದು, ಕೈಯಡ್ಡ ಹಿಡಿದು ಸಾಕೆಂದವರನ್ನು ಬಲವಂತಪಡಿಸದಿರುವುದು ನಮ್ಮ ಅನ್ನದಾನದ ಪಂಕ್ತಿಗಳಲ್ಲಿ ರೂಢಿಗೆ ಬರಲಿ. ಮಕ್ಕಳ ತಟ್ಟೆಗೂ ಇದೇ ನ್ಯಾಯ.

ಇನ್ನು ಮನೆಯ ಹೆಣ್ಣುಮಕ್ಕಳ ಸಂಗತಿ. ಗಂಡಸರೂ ಅತಿಥಿಗಳೂ ಉಂಡು ಏಳುವ ಮುನ್ನ ತಾವು ತುತ್ತೆತ್ತಿದರೆ ತಪ್ಪೆಂದು ತಿಳಿದು, ತಂಗಳೋ ತಳವೋ ಮಿಕ್ಕುದನ್ನು ಹೊತ್ತು ಮೀರಿ ಉಣ್ಣುವ ತಾಯಂದಿರು ಈಗಲೂ ಕಡಿಮೆಯಿಲ್ಲ. ಬಸುರಿಯರೂ ಹಾಗೆಯೇ ಕಾದು ಕುಳಿತಿರುವರು. ಇದನ್ನು ಶಾಸ್ತ್ರವೆಂದು ಸಮರ್ಥಿಸುವ ಹಿರಿಯರು ಮನುಸ್ಮೃತಿಯ ಮೂರನೆಯ ಅಧ್ಯಾಯವನ್ನು ತೆರೆದು ನೋಡಬಹುದು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರಿಗೆ, ಕನ್ಯೆಯರಿಗೆ, ರೋಗಿಗಳಿಗೆ, ಗರ್ಭಿಣಿಯರಿಗೆ ಅತಿಥಿಗಳಿಗಿಂತಲೂ ಮೊದಲೇ, ಹಿಂದುಮುಂದು ನೋಡದೆ ಉಣಬಡಿಸತಕ್ಕದ್ದೆಂದು ಅಲ್ಲಿ ವಿಧಿಸಿದೆ.